ಆ ನೀರು ಕೊಳೆ ತೊಳೆಯುವುದಕ್ಕಲ್ಲ

ಮಾನ್ಯ ಓದುಗರೇ,

ಇಸ್ರೇಲಿನ ಮೃತ ಸಮುದ್ರದ ಬಳಿಯ ಮಸಾಡಾ ಕೋಟೆಯ ಉತ್ಖನನ ಕುರಿತ ನಮ್ಮ ಲೇಖನವನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನೀರಿಗೆ ತತ್ವಾರವಿದ್ದ ಮರುಭೂಮಿಯ ಬೆಟ್ಟದ ಮೇಲೂ ಯೆಹೂದಿಗಳು ನಿಂತ ನೀರಿನಲ್ಲಿ ಮುಳುಗಲೆಂದೇ ಕೊಳ ಕಟ್ಟಿದ್ದೇಕೆ, ಒಂದೆರಡು ಕೊಡ ನೀರು ಸುರಿದುಕೊಂಡರೆ ಸಾಲದೇ ಎಂಬುದು ಮೊದಲನೆಯದು. ಮುಟ್ಟಾದವಳನ್ನೂ ಹೆಣ ಮುಟ್ಟಿದವನನ್ನೂ ಅಶುದ್ಧರೆನ್ನುವ ಧರ್ಮ ಅವರನ್ನು ಪಾಪಿಗಳೆಂದು ಎಣಿಸಿದಂತಾಗಲಿಲ್ಲವೇ ಎಂಬುದು ಎರಡನೆಯದು.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಯೆಹೂದಿಗಳು ‘ತುಮಾ’ ಎನ್ನುವ ಮೈಲಿಗೆ ಅಂಟುವ ಸಂದರ್ಭಗಳಲ್ಲಿ ದಂಪತಿಗಳ ಕೂಟ, ಹೆರಿಗೆ, ಶವಸ್ಪರ್ಶಗಳೆಲ್ಲ ಸೇರಿವೆ. ಇವುಗಳಲ್ಲಿ ಯಾವುದೂ ಅಪರಾಧವಲ್ಲ, ಸತ್ತವರನ್ನು ಹೂಳುವುದಂತೂ ದೊಡ್ಡ ಪುಣ್ಯಕಾರ್ಯ. ತನ್ನ ತಂದೆತಾಯಿಯ ಶವದ ಬಳಿಗೂ ಹೋಗಬಾರದ ಮಹಾಯಾಜಕನೇ ಆದರೂ ದಾರಿಯಲ್ಲಿ ಅನಾಥ ಶವ ಕಂಡು, ಹೂಳಲು ಬೇರೆ ಯಾರೂ ಇಲ್ಲದಿದ್ದರೆ, ಮೈಲಿಗೆಯಾದರೂ ಸರಿ, ತಾನೇ ಹೂಳಬೇಕೆಂಬುದು ಅವರ ಶಾಸ್ತ್ರ. ಪಾಪವಾಗಿದ್ದರೆ ಅದನ್ನು ಕರ್ತವ್ಯವೆಂದು ವಿಧಿಸುತ್ತಿರಲಿಲ್ಲ. ಮೈಲಿಗೆಯಾದವರು ಶುದ್ಧರಾಗುವವರೆಗೆ ಜೆರೂಸಲೇಮಿನ ದೇವಾಲಯಕ್ಕೆ ಹೋಗುವಂತಿರಲಿಲ್ಲ, ಬಲಿಯ ಮಾಂಸವನ್ನು ಉಣ್ಣುವಂತಿರಲಿಲ್ಲ.

ಇನ್ನು ನೀರಿನ ವಿಷಯ. ‘ಮಿಕ್ವೆ’ ಎಂಬ ಶುದ್ಧಿಕೊಳದ ನೀರು ಮಳೆಯಿಂದಲೋ ಒರತೆಯಿಂದಲೋ ತಾನಾಗಿ ಬಂದು ನೆಲಕ್ಕೆ ಸೇರಿದ ಕುಳಿಯಲ್ಲಿ ನಿಂತಿರಬೇಕು, 40 ‘ಸೆಆ’ (ಕೆಲವು ನೂರು ಲೀಟರು) ಅಳತೆಗೆ ಕಡಿಮೆಯಿರಬಾರದು. ಕೊಡದಲ್ಲಿ ಸೇದಿ ತಂದ ನೀರು ಎಷ್ಟೇ ತಿಳಿಯಾಗಿದ್ದರೂ ಸಲ್ಲದು. ಮೈಯ ಕೊಳೆಯನ್ನಂತೂ ಮುಳುಗುವ ಮೊದಲೇ ತೊಳೆದುಕೊಂಡು, ತಲೆ ಬಾಚಿ, ಒಡವೆ ತೆಗೆದು, ನೀರಿಗೂ ಮೈಗೂ ನಡುವೆ ಏನೂ ಅಡ್ಡ ಬಾರದಂತೆ ನೋಡಿಕೊಳ್ಳಬೇಕು. ಮೈಲಿಗೆಯೆಂಬುದು ನೀರಿನಿಂದ ತೊಳೆದುಹೋಗುವ ಕೆಸರಲ್ಲ, ಅದು ದೇವರ ಕಟ್ಟಳೆ, ಮನಸ್ಸಿನ ಸಂಕಲ್ಪಕ್ಕೆ ಸೇರಿದ್ದು ಎಂದು 12ನೆಯ ಶತಮಾನದ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೋನಿಡೀಸ್ ಬರೆದ ಮಾತು ನನಗೆ ಈ ಶಾಸ್ತ್ರದ ತಿರುಳೆನಿಸುತ್ತದೆ. ಪುರಾತತ್ವಜ್ಞ ಯಿಗಾಯೆಲ್ ಯಾದಿನ್ 1963ರಿಂದ 65ರವರೆಗೆ ಅಗೆಸಿದ ಮಸಾಡಾದಲ್ಲಿ ಮಳೆನೀರು ಹಿಡಿಯುವ ಒಂದು ಕೊಳ, ಗೋಡೆಯ ತೂತಿನ ಮೂಲಕ ಅದಕ್ಕೆ ಕೂಡಿದ ಮುಳುಗುವ ಕೊಳ, ಕೈಕಾಲು ತೊಳೆಯಲು ಇನ್ನೊಂದು ಚಿಕ್ಕ ತೊಟ್ಟಿ ಸಿಕ್ಕವು. ಇಂದಿಗೂ ನಲ್ಲಿಯ ನೀರು ತುಂಬಿದ ಕೊಳವನ್ನು ಪಕ್ಕದ ಮಳೆನೀರಿನ ತೊಟ್ಟಿಗೆ ಹೀಗೆಯೇ ತೂತಿನಿಂದ ಕೂಡಿಸುತ್ತಾರೆ. ಎರಡು ನೀರೂ ತಾಗಿದರೆ ಸಾಕು. ಹಾಗಾಗಿ ನಿಂತ ನೀರು ಕೊಳಕಲ್ಲವೇ ಎಂಬ ಆತಂಕವೂ ಬೇಡ, ಮುಳುಗುವ ಕೊಳದ ನೀರನ್ನು ಆಗಾಗ ಬದಲಿಸುತ್ತಾರೆ.

ಆದರೆ ನಿಮ್ಮ ಪತ್ರದ ಹಿಂದಿರುವ, ಹೆಂಗಸರ ಕುರಿತ ಕಳಕಳಿಯನ್ನು ನಾನು ತಳ್ಳಿಹಾಕಲಾರೆ. ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಮೈಲಿಗೆಯ ಹೆಚ್ಚಿನ ನಿಯಮಗಳು ಬಳಕೆ ತಪ್ಪಿದವು. ಶವದ ಮೈಲಿಗೆ ಕಳೆಯಲು ಕೆಂಪು ಕಡಸಿನ ಬೂದಿ ಬೆರೆಸಿದ ನೀರನ್ನು ಮೂರನೆಯ ಮತ್ತು ಏಳನೆಯ ದಿನ ಚಿಮುಕಿಸಬೇಕಿತ್ತು. ಆ ಬೂದಿಯೇ ಇಲ್ಲವಾದ್ದರಿಂದ ಎಲ್ಲರೂ ಶವದ ಮೈಲಿಗೆಯಲ್ಲೇ ಇರುವರೆಂದು ಭಾವಿಸುತ್ತಾರೆ. ಮುಟ್ಟಿನ ನಿಯಮ ಮಾತ್ರ ಉಳಿಯಿತು, ಏಕೆಂದರೆ ಅದು ದೇವಾಲಯಕ್ಕಷ್ಟೇ ಅಲ್ಲ, ದಾಂಪತ್ಯಕ್ಕೂ ಸಂಬಂಧಿಸಿದ್ದು. ಸಂಪ್ರದಾಯಸ್ಥ ಮನೆಗಳ ವಿವಾಹಿತೆ ರಕ್ತಸ್ರಾವ ನಿಂತ ಮೇಲೆ ಏಳು ದಿನ ಎಣಿಸಿ, ರಾತ್ರಿ ಮಿಕ್ವೆಯಲ್ಲಿ ಮುಳುಗಿ ಬರುವವರೆಗೆ ಗಂಡ ಹೆಂಡಿರು ಕೂಡುವಂತಿಲ್ಲ. ಯೆಹೂದಿ ಧರ್ಮಕ್ಕೆ ಸೇರುವವರು, ಗಂಡಾಗಲಿ ಹೆಣ್ಣಾಗಲಿ, ಒಮ್ಮೆ ಮುಳುಗಲೇಬೇಕು. ಅದನ್ನು ಬಿಟ್ಟರೆ ಗಂಡಸರ ಮುಳುಗುಸ್ನಾನ ಇಂದು ಬಹುಮಟ್ಟಿಗೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಅಥವಾ ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತ ದಿನದ ಉಪವಾಸದ ಮುನ್ನ ಕೆಲವರು ಪಾಲಿಸುವ ರೂಢಿಯಾಗಿದೆ. ಹೆಂಗಸರಿಗೆ ಅದು ತಿಂಗಳು ತಿಂಗಳೂ ತಪ್ಪದ ವಿಧಿಯಾಗಿಯೇ ಉಳಿದಿದೆ.

— ಸಂಪಾದಕ