ಹಾಡಿನಿಂದ ಕೀಳಲಾಗದ ಸೋಲೋಗಳು: ರಾಕ್ ಗಿಟಾರ್‌ನಲ್ಲಿ ನನ್ನ ಮೆಚ್ಚಿನವು

ವೀಣೆ, ಪಿಟೀಲು ಕೇಳಿ ಬೆಳೆದ ನಿಮಗೆ ರಾಕ್ ಸಂಗೀತದ ಗಿಟಾರ್ ಸೋಲೋ (ಹಾಡಿನಲ್ಲಿ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಎಂದರೆ ಬರಿಯ ಬೆರಳಿನ ಕಸರತ್ತು ಅನ್ನಿಸುತ್ತದೆ, ಹಾಗಲ್ಲದ ನಾಲ್ಕಾರನ್ನು ಹೇಳಿ ಎಂದು ಕೇಳಿದ್ದೀರಿ. ನಿಮ್ಮ ಅನುಮಾನ ಅರ್ಧ ಸರಿ, ಕಸರತ್ತಿನವು ಬೇಕಾದಷ್ಟಿವೆ. ನನ್ನ ಅಳತೆಗೋಲು ಇಷ್ಟೇ: ಸೋಲೋವನ್ನು ಹಾಡಿನಿಂದ ಕಿತ್ತು ಪಕ್ಕಕ್ಕಿಟ್ಟರೆ ಸೋಲೋ ಬಡವಾಗಬೇಕು, ಹಾಡೂ ಬಡವಾಗಬೇಕು. ಎರಡರಲ್ಲಿ ಒಂದು ಆರಾಮವಾಗಿ ಉಳಿದುಕೊಂಡರೂ ಅದು ನನ್ನ ಪಟ್ಟಿಗೆ ಬರುವುದಿಲ್ಲ.

ಮೊದಲ ಹೆಸರಿಗೆ ನಾನು ತಡಕಾಡಬೇಕಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 'ಕಂಫರ್ಟಬ್ಲಿ ನಂಬ್', 1979ರ 'ದ ವಾಲ್' ಆಲ್ಬಮ್‌ನದು. ಇದರಲ್ಲಿ ಡೇವಿಡ್ ಗಿಲ್ಮೋರ್ ನುಡಿಸುವ ಸೋಲೋಗಳು ಎರಡು. ಎಲ್ಲರೂ ಕೊಂಡಾಡುವುದು ಕೊನೆಯದನ್ನು. ಆದರೆ ಮೊದಲನೆಯದನ್ನು ಗಮನಿಸದೆ ಅದನ್ನು ಕೇಳಿದರೆ ಅರ್ಧ ಕಥೆ ಕೇಳಿದ ಹಾಗೆ. ಹಾಡಿನಲ್ಲಿ ಇಬ್ಬರು ಮಾತನಾಡುತ್ತಾರೆ: ಮರಗಟ್ಟಿ ಕುಳಿತಿರುವ ಗಾಯಕನನ್ನು ಹೇಗಾದರೂ ವೇದಿಕೆಗೆ ಹತ್ತಿಸಲು ಬಂದಿರುವ ವೈದ್ಯ, ಮತ್ತು ಆ ಗಾಯಕ. ವೈದ್ಯನ ಮಾತೆಲ್ಲ ಬಿ ಮೈನರ್‌ನಲ್ಲಿ, ಗಾಯಕನ ಉತ್ತರ ಡಿ ಮೇಜರ್‌ನಲ್ಲಿ. ಸ್ಥೂಲವಾಗಿ ಹೇಳುವುದಾದರೆ ಇದು ನಿಮಗೆ ಗೊತ್ತಿರುವ ಗ್ರಹಭೇದವೇ, ಸ್ವರಗಳು ಅವೇ, ಆಧಾರ ಷಡ್ಜ ಮಾತ್ರ ಬೇರೆ; ಶಂಕರಾಭರಣದ ಧೈವತವನ್ನು ಷಡ್ಜವೆಂದು ಹಿಡಿದರೆ ನಠಭೈರವಿ ಬರುತ್ತದಲ್ಲ, ಹಾಗೆ. ಮೊದಲ ಸೋಲೋ ಗಾಯಕನ ಕಾರ್ಡ್‌ಗಳ (ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ತೇಲುತ್ತದೆ, ನಿಧಾನ, ಹಿತ. ಎರಡನೆಯದು ವೈದ್ಯನ ಕಾರ್ಡ್‌ಗಳ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಗಾಯಕನ ಮಾತು ಮುಗಿದಿದೆ, ವೈದ್ಯ ಕೊಟ್ಟ ಚುಚ್ಚುಮದ್ದು ಕೆಲಸ ಮಾಡಿದೆ. ಬಾಯಿ ಮುಚ್ಚಿಸಿದವನ ನೆಲದಲ್ಲೇ ನಿಂತು ಗಿಟಾರ್ ಕೂಗಲು ಶುರು ಮಾಡುತ್ತದೆ. ತಂತಿಯನ್ನು ಮೆಟ್ಟಿಲಿನ (ಫ್ರೆಟ್) ಮೇಲೆ ಅಡ್ಡಕ್ಕೆ ತಳ್ಳಿ ಸ್ವರವನ್ನು ಏರಿಸುವ ಕ್ರಮ ನಿಮಗೆ ವೀಣೆಯಿಂದ ಪರಿಚಿತ. ಗಿಲ್ಮೋರ್ ಏರಿಸಿದ ಸ್ವರವನ್ನು ಅಲ್ಲೇ ಹಿಡಿದು ನಿಲ್ಲಿಸುತ್ತಾರೆ, ಆಮೇಲೆ ಅಲುಗಿಸುತ್ತಾರೆ. ಆ ಅಲುಗಾಟ ಯಾವಾಗ ಶುರುವಾಗುತ್ತದೆ ಎಂಬುದನ್ನು ಕೇಳಿ.

ಇಷ್ಟು ಸಲೀಸಾಗಿ ಹರಿಯುವುದು ಒಂದೇ ಸಲಕ್ಕೆ ನುಡಿಸಿದ್ದಲ್ಲ. ಐದಾರು ಸಲ ಬೇರೆ ಬೇರೆ ರೀತಿಯಲ್ಲಿ ನುಡಿಸಿ, ಚೆನ್ನಾಗಿ ಬಂದ ತುಣುಕುಗಳಿಗೆ ಗುರುತು ಹಾಕಿಕೊಂಡು ಜೋಡಿಸಿದ್ದೆಂದು ಅವರೇ ಹೇಳಿಕೊಂಡಿದ್ದಾರೆ. ಮನೋಧರ್ಮವೇ ಸರ್ವಸ್ವ ಎನ್ನುವವರು ಇದನ್ನು ಮೋಸ ಎಂದಾರು. ನನಗೇನೂ ಹಾಗನ್ನಿಸುವುದಿಲ್ಲ. ಅಂದ ಹಾಗೆ, ಅವರ ಆ ಕಪ್ಪು ಸ್ಟ್ರಾಟೊಕಾಸ್ಟರ್ ಗಿಟಾರ್ 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್‌ಗೆ ಹೋಯಿತು. ಹಣವನ್ನು ಅವರು ಪರಿಸರ ರಕ್ಷಣೆಯ ಸಂಸ್ಥೆಗೆ ಕೊಟ್ಟರು.

ಎರಡನೆಯದು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ', 1976. ಇದನ್ನು ನೀವು ಯಾವುದಾದರೂ ಹೋಟೆಲಿನಲ್ಲೋ ಕಾಲೇಜಿನ ವಾರ್ಷಿಕೋತ್ಸವದಲ್ಲೋ ಕೇಳಿಯೇ ಇರುತ್ತೀರಿ, ಬಹುಶಃ ಬೇಸರವೂ ಆಗಿರುತ್ತದೆ. ಇನ್ನೊಮ್ಮೆ ಕೇಳಿ, ಕೊನೆಯ ಎರಡು ನಿಮಿಷ ಮಾತ್ರ. ಲೆಕ್ಕ ಚುಕ್ತಾ ಮಾಡಿ ಎದ್ದರೂ ಇಲ್ಲಿಂದ ಹೊರಬೀಳಲಾರೆ ಎಂಬ ಮಾತಿಗೆ ಹಾಡುಗಾರಿಕೆ ನಿಲ್ಲುತ್ತದೆ. ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಸರದಿಯಂತೆ ಗಿಟಾರ್ ಎತ್ತಿಕೊಳ್ಳುತ್ತಾರೆ, ಕೊನೆಗೆ ಜೊತೆಯಾಗುತ್ತಾರೆ. ಕೆಳಗೆ ಚರಣದ ಅದೇ ಎಂಟು ಕಾರ್ಡ್‌ಗಳ ಆವರ್ತ ಸುತ್ತುತ್ತಲೇ ಇರುತ್ತದೆ. ಕಾರ್ಡ್ ಬದಲಾದಾಗಲೆಲ್ಲ ಇಬ್ಬರ ಸ್ವರಗಳೂ ಅದಕ್ಕೆ ತಕ್ಕಂತೆ ಹೊರಳುತ್ತವೆ. ಮುಕ್ತಾಯ, ತೀರ್ಮಾನ ಏನೂ ಇಲ್ಲ. ಸುತ್ತುತ್ತಿರುವಾಗಲೇ ಧ್ವನಿ ಕರಗಿಹೋಗುತ್ತದೆ. ಹೊರಬೀಳಲಾಗದು ಎಂದಮೇಲೆ ಸೋಲೋ ಮುಗಿಯುವುದಾದರೂ ಹೇಗೆ?

ಇದೂ ಆಶುವಲ್ಲ. ಫೆಲ್ಡರ್ ಮನೆಯಲ್ಲಿ ಮಾಡಿಕೊಂಡಿದ್ದ ಮಾದರಿ ಕ್ಯಾಸೆಟ್‌ನಲ್ಲಿ ಇದ್ದಂತೆಯೇ ನುಡಿಸಬೇಕೆಂದು ತಂಡದ ಗಾಯಕ ಡಾನ್ ಹೆನ್ಲಿ ಪಟ್ಟು ಹಿಡಿದರಂತೆ. ಧ್ವನಿಮುದ್ರಣ ನಡೆಯುತ್ತಿದ್ದುದು ಮಯಾಮಿಯಲ್ಲಿ, ಕ್ಯಾಸೆಟ್ ಇದ್ದದ್ದು ಕ್ಯಾಲಿಫೋರ್ನಿಯಾದ ಮನೆಯಲ್ಲಿ. ಮನೆಗೆಲಸದವರಿಗೆ ಫೋನ್ ಮಾಡಿ, ಟೇಪ್ ಹಾಕಿಸಿ, ರಿಸೀವರ್‌ನಲ್ಲಿ ಕೇಳಿಸಿಕೊಂಡು ತಾನು ನುಡಿಸಿದ್ದನ್ನು ತಾನೇ ಮತ್ತೆ ಕಲಿತೆ ಎಂದು ಫೆಲ್ಡರ್ ಹೇಳಿದ್ದಾರೆ.

ಡೈರ್ ಸ್ಟ್ರೇಟ್ಸ್ ತಂಡದ 'ಸುಲ್ತಾನ್ಸ್ ಆಫ್ ಸ್ವಿಂಗ್' (1978) ಇನ್ನೊಂದು ಬಗೆ. ಮಾರ್ಕ್ ನಾಫ್ಲರ್ ಮೀಟುವುದು ಬರಿಗೈಯ ಬೆರಳಿನಿಂದ, ಕರ್ಕಶತೆ ಬೆರೆಸದ ಶುಭ್ರ ನಾದದಲ್ಲಿ. ಯಾರೂ ಕಿವಿಗೊಡದ ಪಬ್ಬಿನಲ್ಲಿ ನುಡಿಸುವ ಜಾಝ್ ತಂಡವೊಂದರ ಹಾಡು ಇದು. ಆ ತಂಡದ ಗಿಟಾರ್‌ವಾದಕ ಜಾರ್ಜ್‌ಗೆ ಎಲ್ಲ ಕಾರ್ಡ್‌ಗಳೂ ಗೊತ್ತು, ಆದರೆ ತಾಳ ಹಿಡಿಯುವುದಷ್ಟೇ ಅವನ ಕೆಲಸ, ಗಿಟಾರನ್ನು ಅಳಿಸುವ ಹಾಡಿಸುವ ಉಸಾಬರಿ ಅವನಿಗೆ ಬೇಡ. ಸೋಲೋ ನುಡಿಸದವನನ್ನು ಇಷ್ಟು ಪ್ರೀತಿಯಿಂದ ಹೊಗಳಿದ ಹಾಡು ಕೊನೆಯಲ್ಲಿ ಇಂಥ ಸೋಲೋ ನುಡಿಸುತ್ತದೆ! ವೇಗದ ಬಗ್ಗೆ ನಿಮ್ಮ ತಕರಾರು ಇದ್ದರೆ ಆ ಕೊನೆಯ ದ್ರುತವನ್ನು ಕೇಳಿ. ಚಪ್ಪಾಳೆಗೆ ಕಾಯುವ ವೇಗವಲ್ಲ ಅದು.

ಚಪ್ಪಾಳೆಗೆಂದೇ ಇರುವ ವೇಗವೂ ಉಂಟು: ಎಡ್ಡಿ ವ್ಯಾನ್ ಹೇಲನ್‌ನ 'ಇರಪ್ಷನ್', 1978. ಎರಡೂ ಕೈಗಳ ಬೆರಳನ್ನು ಮೆಟ್ಟಿಲುಗಳ ಮೇಲೆ ಬಡಿದು ನುಡಿಸುವ ಎರಡು ನಿಮಿಷಕ್ಕೂ ಕಡಿಮೆಯ ಈ ತುಣುಕು ಒಂದು ತಲೆಮಾರಿನ ಹುಡುಗರ ನಿದ್ದೆ ಕೆಡಿಸಿತು. ನಮಸ್ಕಾರ ಹೇಳುತ್ತೇನೆ, ಪಟ್ಟಿಗೆ ಸೇರಿಸುವುದಿಲ್ಲ. ಸುತ್ತ ಹಾಡೇ ಇಲ್ಲ. ಅದೇ ಎಡ್ಡಿ 1982ರಲ್ಲಿ ಮೈಕಲ್ ಜಾಕ್ಸನ್‌ನ 'ಬೀಟ್ ಇಟ್' ಹಾಡಿಗೆ ಸಂಭಾವನೆ ಪಡೆಯದೆ ನುಡಿಸಿಕೊಟ್ಟ ಸೋಲೋ ನನಗೆ ಬಹಳ ಇಷ್ಟ. ಕೈಚಳಕ ಅದೇ, ಬೆರಳುಗಳೂ ಅವೇ. ಜಗಳ ಬಿಟ್ಟು ಓಡು ಎಂದು ಹೇಳುತ್ತಿರುವ ಹಾಡಿನ ನಡುವೆ ಜಗಳವೇ ನುಗ್ಗಿಬಂದಂತೆ ಕೇಳುತ್ತದೆ.

ಬೀಟಲ್ಸ್‌ನ 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ವಿಷಯದಲ್ಲಿ ಎಲ್ಲರೂ ನಿಮಗೆ ಕಳುಹಿಸುವುದು 2004ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಪ್ರಿನ್ಸ್ ನುಡಿಸಿದ ವಿಡಿಯೊ. ನೋಡಲು ಸೊಗಸು. ಕೇಳುವುದಕ್ಕೆ ನಾನು 1968ರ ಮೂಲಕ್ಕೇ ಹೋಗುತ್ತೇನೆ. ಜಾರ್ಜ್ ಹ್ಯಾರಿಸನ್ ಗೆಳೆಯ ಎರಿಕ್ ಕ್ಲಾಪ್ಟನ್‌ರನ್ನು ಕರೆತಂದು ಅವರ ಕೈಯಲ್ಲಿ ನುಡಿಸಿದ್ದು ಅದು.

ಇನ್ನೊಂದು, ರಾತ್ರಿ ಮಾತ್ರ ಕೇಳಬೇಕಾದದ್ದು: ಫಂಕಡೆಲಿಕ್ ತಂಡದ 'ಮ್ಯಾಗಟ್ ಬ್ರೈನ್', 1971. ಅಮ್ಮ ತೀರಿಕೊಂಡ ಸುದ್ದಿ ಬಂದಿದೆ ಎಂದುಕೊಂಡು ನುಡಿಸು ಎಂದು ತಂಡದ ನಾಯಕ ಜಾರ್ಜ್ ಕ್ಲಿಂಟನ್ ಗಿಟಾರ್‌ವಾದಕ ಎಡ್ಡಿ ಹೇಜಲ್‌ಗೆ ಹೇಳಿದರಂತೆ. ಆಮೇಲೆ ಪಕ್ಕವಾದ್ಯಗಳ ಸದ್ದನ್ನೆಲ್ಲ ಬಹುತೇಕ ತಗ್ಗಿಸಿಬಿಟ್ಟರು. ಹತ್ತು ನಿಮಿಷ ಒಂಟಿ ಗಿಟಾರ್. ಇದು ನನ್ನ ಅಳತೆಗೋಲಿಗೆ ಸಿಕ್ಕುವುದಿಲ್ಲ, ಪಟ್ಟಿಯಲ್ಲಂತೂ ಇದೆ.

'ಸ್ಟೇರ್‌ವೇ ಟು ಹೆವನ್' ಎಲ್ಲಿ ಎಂದು ಯಾರಾದರೂ ಕೆಳಗೆ ಕಾಮೆಂಟಿನಲ್ಲಿ ಜಗಳಕ್ಕೆ ಬರುತ್ತಾರೆ. ಅದನ್ನು ನುಡಿಸಿದ ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್ ಮೇಲೆ ನನಗೆ ದ್ವೇಷವಿಲ್ಲ. ಗಿಟಾರ್ ಅಂಗಡಿಗಳಲ್ಲಿ ಅದನ್ನು ಅರ್ಧಂಬರ್ಧ ನುಡಿಸುವವರನ್ನು ಕೇಳಿ ಕೇಳಿ ಸಾಕಾಗಿದೆ, ಅಷ್ಟೆ. ನೀವು ಹೊಸಬರು, ಧಾರಾಳವಾಗಿ ಕೇಳಿ.