ಫೋಟೊ ನೋಡಿ ಬರೆದ ಚಿತ್ರ ಯಾಕೆ ಮರಗಟ್ಟುತ್ತೆ?

ಫೋಟೊ ನೋಡಿಕೊಂಡು ಅಳತೆ ತಪ್ಪದಂತೆ ಬರೆದರೂ ನಿಮ್ಮ ಕಾಮಿಕ್ಸ್‌ನ ಮನೆಮಂದಿ ಬಿಗಿದುಕೊಂಡೇ ನಿಂತಿರ್ತಾರೆ, ಮುಖಗಳನ್ನು ಕಾರ್ಟೂನ್ ಮಾಡಿಬಿಡಲೇ ಅಂತ ಕೇಳಿದ್ದೀರಿ. ಮುಖಕ್ಕೆ ಕೈ ಹಚ್ಚುವ ಮೊದಲು ಭಂಗಿ ನೋಡಿ.

ಫೋಟೊದಲ್ಲಿ ಸಿಗೋದು ಒಂದೇ ಕ್ಷಣ. ಅದೂ ಎಷ್ಟೋ ಸಲ ಕ್ಯಾಮೆರಾ ಇದೆ ಅಂತ ಗೊತ್ತಿದ್ದವರ ಕ್ಷಣ. ಅಂಗಿ ತೊಡುವ ದೃಶ್ಯ ಅಂದುಕೊಳ್ಳಿ. ತೊಟ್ಟು ನಿಂತವನನ್ನು ಬರೆದರೆ ಪಾಸ್‌ಪೋರ್ಟ್ ಫೋಟೊ ಆಯ್ತು. ಒಂದು ಕೈ ಅಂಗಿಯ ತೋಳಿನೊಳಗೆ ಅರ್ಧಕ್ಕೆ ಸಿಕ್ಕಿ, ಇನ್ನೊಂದು ಬೆನ್ನ ಹಿಂದೆ ತಡಕಾಡುತ್ತಾ, ಭುಜ ಒಂದು ಕಡೆ ಎದ್ದಿರುವಾಗ ಹಿಡಿಯಿರಿ. ಮಡಿಕೆಗಳನ್ನೂ ಪೂರ್ತಿ ಬರೆಯೋದು ಬೇಡ. ಬಟ್ಟೆ ಜಗ್ಗುವ ಕಂಕುಳು, ಮೊಣಕೈ ಹತ್ತಿರ ನಾಲ್ಕು ಗೆರೆ ಸಾಕು. ಎಲ್ಲಾ ಗೆರೆಗೂ ಒಂದೇ ದಪ್ಪ ಕೊಟ್ಟಿದ್ದರೆ ಅದೂ ಒಂದು ಕಾರಣ. ಮೊಬೈಲ್‌ನಲ್ಲಿ ತೀರಾ ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದಿರುತ್ತೆ. ಅದನ್ನ ಹಾಗೇ ಇಳಿಸಬೇಡಿ.

ಇನ್ನು ಮುಖ. ಜಪಾನಿನ ಜಿರೊ ತಾನಿಗುಚಿ 1990ರ ದಶಕದ ಆರಂಭದಲ್ಲಿ ಮಾಡಿದ 'ದಿ ವಾಕಿಂಗ್ ಮ್ಯಾನ್' ಕಾಮಿಕ್ಸ್ ಸಿಕ್ಕರೆ ನೋಡಿ. ಮನೆ, ಬೇಲಿ, ಮರ ಎಲ್ಲಾ ವಿವರವಾಗಿ ಕಾಣುತ್ತವೆ. ನಡೆಯುವವನ ಮುಖದಲ್ಲಿ ಮಾತ್ರ ಗೆರೆ ಕಡಿಮೆ. ಮಾತಂತೂ ಇನ್ನೂ ಕಡಿಮೆ. ನೈಜತೆ ಬಿಡದೆಯೇ ಅಷ್ಟು ಹಗುರ ಮಾಡಬಹುದು. ಪೂರ್ತಿ ಕಾರ್ಟೂನ್ ಮುಖ ನೀವು ಬರೆಯುವ ಹಿನ್ನೆಲೆಗೆ ಒಗ್ಗೋದು ನನಗೆ ಅನುಮಾನ. ಮುಂದಿನ ಪುಟವನ್ನು ಇಂಕ್ ಮಾಡುವ ಮೊದಲೇ, ಪೆನ್ಸಿಲ್‌ನಲ್ಲಿದ್ದಾಗಲೇ ಇಲ್ಲಿ ಹಾಕಿ, ನೋಡೋಣ.