ಮನುಷ್ಯನಿಗೆ ಮೊದಲ ಭಾಷೆಯನ್ನು ಕಲಿಸಿದವರು ಯಾರು?

ಯಾರೂ ಅಲ್ಲ. ಮಾತು ಮನುಷ್ಯರ ಒಡನಾಟದಲ್ಲೇ ಹುಟ್ಟಿತು. ಅದು ಸಾಧ್ಯವೇ ಎಂದು ಅನುಮಾನಿಸುವವರು ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕಿವುಡ ಮಕ್ಕಳ ವಿಷಯ ತಿಳಿಯಲೇಬೇಕು.

1970ರ ದಶಕದವರೆಗೆ ಆ ಮಕ್ಕಳು ಬಹುತೇಕ ತಮ್ಮ ಮನೆಗಳಲ್ಲೇ ಒಂಟಿಯಾಗಿದ್ದರು. ಮನೆಮಂದಿಗಷ್ಟೇ ತಿಳಿಯುವ ಒಂದಿಷ್ಟು ಕೈಸನ್ನೆಗಳು ಅವರಿಗಿದ್ದವು. ರಾಜಧಾನಿ ಮನಾಗ್ವಾದ ಶಾಲೆಯಲ್ಲಿ ಅವರನ್ನು ಒಟ್ಟುಗೂಡಿಸಿದ ಶಿಕ್ಷಕರು ಸ್ಪ್ಯಾನಿಷ್ ಕಲಿಸಲು ಹೆಣಗಿದರು, ಅದು ಹತ್ತಲಿಲ್ಲ. ಆದರೆ ಆಟದ ಮೈದಾನದಲ್ಲಿ ಮಕ್ಕಳ ಸನ್ನೆಗಳು ಒಂದರೊಡನೊಂದು ಬೆರೆತವು. ನಂತರ ಬಂದ ಪುಟ್ಟ ಮಕ್ಕಳು ಅವನ್ನೇ ಹಿಡಿದು ವ್ಯಾಕರಣ ಕಟ್ಟಿದರು! ವಸ್ತುವೊಂದು ಉರುಳುತ್ತಾ ಇಳಿಯುವುದನ್ನು ಮೊದಲು ಬಂದ ಹಿರಿಯ ಮಕ್ಕಳು ಒಂದೇ ಚಲನೆಯಲ್ಲಿ ತೋರಿಸುತ್ತಿದ್ದರೆ, ಕಿರಿಯರು ‘ಉರುಳು’, ‘ಇಳಿ’ ಎಂದು ಎರಡು ಬಿಡಿ ಸನ್ನೆಗಳಾಗಿ ಒಡೆದು ಜೋಡಿಸಿದರು. ನನಗಂತೂ ಇದು ಭಾಷಾವಿಜ್ಞಾನದ ಅತ್ಯಂತ ಮನಕಲಕುವ ಸಂಗತಿ. ಬಿಡಿ ಅಂಶಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಹೊಸ ಅರ್ಥ ಹುಟ್ಟಿಸುವುದೇ ಭಾಷೆಯ ಜೀವಾಳ.

ಆದರೆ ಆ ಮಕ್ಕಳಿಗೆ ಭಾಷೆಗೆ ಸಿದ್ಧವಾದ ಮಿದುಳಿತ್ತು. ಅದು ರೂಪುಗೊಳ್ಳಲು ಲಕ್ಷಾಂತರ ವರ್ಷಗಳೇ ಹಿಡಿದಿವೆ. ಮಾತು ಪಳೆಯುಳಿಕೆಯಾಗುವುದಿಲ್ಲ, ಹಾಗಾಗಿ ಸಾಕ್ಷ್ಯ ಪರೋಕ್ಷವಾದುದು: ಇಸ್ರೇಲಿನ ಕೆಬಾರಾ ಗುಹೆಯಲ್ಲಿ ಸಿಕ್ಕ, ಸುಮಾರು 60,000 ವರ್ಷ ಹಳೆಯ ನಿಯಾಂಡರ್ತಾಲ್ ಮಾನವನ (ಅಳಿದುಹೋದ ನಮ್ಮ ಹತ್ತಿರದ ಬಂಧು) ನಾಲಿಗೆಯ ಬುಡದ ಮೂಳೆ ನಮ್ಮದನ್ನೇ ಹೋಲುತ್ತದೆ. ಅದೊಂದರಿಂದಲೇ ಆತ ಮಾತನಾಡಿದ ಎನ್ನಲಾಗದು. ಭಾಷೆಯ ಹುಟ್ಟಿನ ಬಗೆಗಿನ ಊಹೆಗಳ ಭರಾಟೆಗೆ ಬೇಸತ್ತು ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘ ಹಿಂದೆಯೇ, 1866ರಲ್ಲಿ, ತನ್ನಲ್ಲಿ ಈ ಚರ್ಚೆಯನ್ನೇ ನಿಷೇಧಿಸಿತ್ತು. ಬರವಣಿಗೆಯಾದರೋ ತೀರ ಈಚಿನದು, ಐದು ಸಾವಿರ ವರ್ಷಗಳಿಗಿಂತ ತುಸು ಹೆಚ್ಚು ಹಳೆಯದಷ್ಟೆ.